‘ಮೊಕೊ ಮೊಕೊಮೊಕೊ’ದಲ್ಲಿ ಕಥೆಯೇ ಇಲ್ಲವಲ್ಲ, ಇದನ್ನು ಮಗುವಿಗೆ ಓದೋದು ಹೇಗೆ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ಜಪಾನಿನಿಂದ ಬಂದ ನಿಮ್ಮ ಭಾವ ಈ ಚಿತ್ರಪುಸ್ತಕದ ಹೊಸ ಮುದ್ರಣ ತಂದುಕೊಟ್ಟಿದ್ದಾರೆ. ಪುಟಕ್ಕೆ ಒಂದೆರಡು ಪದ, ಒಂದು ಗುಡ್ಡೆ, ಅಷ್ಟೇ. ಎರಡು ವರ್ಷದ ಮಗನಿಗೆ ಇದನ್ನು ಓದೋದು ಹೇಗೆ, ಇದು ನಿಜಕ್ಕೂ ಮಕ್ಕಳದ್ದೋ ಅಥವಾ ಕಲೆ ಸಂಗ್ರಹಿಸುವವರದ್ದೋ, ಹಳೆಯ ಮೊದಲ ಮುದ್ರಣವನ್ನೇ ಹುಡುಕಬೇಕಾ ಅಂತ ಕೇಳಿದ್ದೀರಿ.

ಮೊದಲ ಮುದ್ರಣ ಬೇಡ. ಈ ಪುಸ್ತಕ 1977ರಲ್ಲಿ ಬುಂಕೆನ್ ಪ್ರಕಾಶನದಿಂದ ಬಂತು. ಅಂದಿನಿಂದ ಮತ್ತೆ ಮತ್ತೆ ಅಚ್ಚಾಗುತ್ತಲೇ ಇದೆ. ಹತ್ತು ಲಕ್ಷಕ್ಕೂ ಜಾಸ್ತಿ ಪ್ರತಿ ಹೋಗಿವೆ. ಮಗು ಅಂಚು ಕಚ್ಚಿದರೆ, ಮೇಲೆ ಹಾಲು ಚೆಲ್ಲಿದರೆ ಇನ್ನೊಂದು ಸಿಗುತ್ತದೆ. ಹೊಸದೇ ಇರಲಿ.

ಇನ್ನು ಕಥೆ. ಕಥೆ ಇದೆ ರೀ. ಹೇಳಿಲ್ಲ ಅಷ್ಟೇ. ಮೊದಲ ಪುಟದಲ್ಲಿ ನೆಲ, ಆಕಾಶ, ‘ಶೀನ್’ ಅನ್ನುವ ಮೌನ. ಆಮೇಲೆ ನೆಲ ‘ಮೊಕೊ’ ಅಂತ ಉಬ್ಬುತ್ತದೆ. ಅದು ಇನ್ನಷ್ಟು ಉಬ್ಬುವ ಹೊತ್ತಿಗೆ ಪಕ್ಕದಲ್ಲಿ ಇನ್ನೊಂದು ‘ನ್ಯೋಕಿ’ ಅಂತ ತಲೆ ಎತ್ತುತ್ತದೆ. ದೊಡ್ಡದು ಚಿಕ್ಕದನ್ನು ‘ಪಕು’ ಅಂತ ಬಾಯಿಗೆ ಹಾಕಿಕೊಂಡು ‘ಮೊಗು ಮೊಗು’ ಅಗಿಯುತ್ತದೆ. ತಿಂದ ಆ ದೊಡ್ಡದರ ಮೈಯಿಂದ ಕೆಂಪಗೆ ಏನೋ ಹೊರಬಂದು ಉದುರುತ್ತದೆ, ಊದಿಕೊಳ್ಳುತ್ತದೆ, ಝಗಝಗ ಹೊಳೆಯುತ್ತದೆ, ‘ಪಚಿನ್’ ಅಂತ ಒಡೆಯುತ್ತದೆ. ಚೂರುಗಳು ತೇಲುತ್ತಾ ಇಳಿಯುತ್ತವೆ. ಮತ್ತೆ ಮೌನ. ಮತ್ತೆ ‘ಮೊಕೊ’. ಹುಟ್ಟಿದ್ದು, ತಿಂದದ್ದು, ಸಿಡಿದದ್ದು, ಮತ್ತೆ ಶುರುವಾದದ್ದು ಎಲ್ಲಾ ಇದೆ. ಇನ್ನೇನು ಬೇಕು ಹೇಳಿ!

ಇದನ್ನು ಮಾಡಿದವರು ಯಾರು ಅಂತ ಗೊತ್ತಾದರೆ ಇದು ಹೀಗೇಕೆ ಇದೆ ಅನ್ನೋದು ಸ್ವಲ್ಪ ಬಿಡಿಸಿಕೊಳ್ಳುತ್ತದೆ. ಪದಗಳು ಕವಿ ಶುಂತಾರೊ ತನಿಕಾವಾ ಅವರದ್ದು. ಚಿತ್ರ ಸದಮಸ ಮೊತೊನಾಗ ಅವರದ್ದು. ಮೊತೊನಾಗ ‘ಗುತಾಯ್’ ಅನ್ನುವ ಕಲಾವಿದರ ಗುಂಪಿನವರು. ಜಿರೋ ಯೋಶಿಹಾರ 1954ರಲ್ಲಿ ಒಸಾಕಾ, ಕೋಬೆ ನಡುವಿನ ಅಶಿಯಾದಲ್ಲಿ ಕಟ್ಟಿದ ಗುಂಪು ಅದು. ಯಾರೂ ಮಾಡದ್ದನ್ನು ಮಾಡಿ ಅನ್ನೋದೇ ಗುರುವಿನ ಪಾಠ. ಒಬ್ಬರು ಕಾಲಿನಿಂದ ಬಣ್ಣ ಬಳಿದರು, ಒಬ್ಬರು ಕಾಗದದ ಪರದೆಗಳನ್ನು ಮೈಯಿಂದ ಹರಿದುಕೊಂಡು ನುಗ್ಗಿದರು. ಮೊತೊನಾಗ ಅಶಿಯಾದ ಪೈನ್ ತೋಪಿನಲ್ಲಿ ಮರದಿಂದ ಮರಕ್ಕೆ ಪ್ಲಾಸ್ಟಿಕ್ ಹಾಳೆ ಕಟ್ಟಿ, ಅದರಲ್ಲಿ ಬಣ್ಣದ ನೀರು ತುಂಬಿದರು. ನೀರಿನ ಭಾರಕ್ಕೆ ಹಾಳೆ ಜೋತುಬಿತ್ತು, ಬಿಸಿಲು ಅದರೊಳಗಿಂದ ಹಾದುಬಂತು. ಅದೇ ಕೃತಿಯನ್ನು 2013ರಲ್ಲಿ ನ್ಯೂಯಾರ್ಕಿನ ಗುಗೆನ್‌ಹೈಮ್ ಮ್ಯೂಸಿಯಮ್ಮಿನಲ್ಲಿ ಮತ್ತೆ ತೂಗುಹಾಕಿದರು. ಆ ಹೊತ್ತಿಗೆ ಮೊತೊನಾಗ ತೀರಿಕೊಂಡಿದ್ದರು.

ಮೊತೊನಾಗ, ತನಿಕಾವಾ ಇಬ್ಬರೂ 1966-67ರ ಸುಮಾರಿಗೆ ನ್ಯೂಯಾರ್ಕಿನಲ್ಲಿದ್ದರು. ಮೊದಲು ಬಣ್ಣವನ್ನು ಕ್ಯಾನ್ವಾಸಿನ ಮೇಲೆ ಸುರಿದು ಹರಿಯಬಿಡುತ್ತಿದ್ದ ಮೊತೊನಾಗ ಅಲ್ಲಿ ಏರ್‌ಬ್ರಷ್, ಅಂದರೆ ಗಾಳಿಯ ಒತ್ತಡದಿಂದ ಬಣ್ಣ ಸಿಂಪಡಿಸುವ ಸಾಧನ, ಹಿಡಿದರು. ನಿಮ್ಮ ಪುಸ್ತಕದಲ್ಲಿ ಒಂದು ಬಣ್ಣ ಇನ್ನೊಂದಕ್ಕೆ ಮೆಲ್ಲಗೆ ಕರಗುತ್ತದಲ್ವಾ, ಗುಡ್ಡೆಯ ಅಂಚು ಮಾತ್ರ ಚೂಪಾಗಿ ನಿಲ್ಲುತ್ತದಲ್ವಾ, ಅದರ ಬೇರು ಅಲ್ಲಿದೆ.

ನನಗೆ ಇದರಲ್ಲಿ ಜಾಸ್ತಿ ಇಷ್ಟವಾಗೋದು ಇಬ್ಬರ ಸಂಯಮ. ಕವಿ ‘ಗುಡ್ಡ ಎದ್ದಿತು’ ಅಂತ ಒಂದು ಸಾಲು ಬರೆದಿದ್ದರೂ ಪುಸ್ತಕ ಅಲ್ಲೇ ಸತ್ತುಹೋಗುತ್ತಿತ್ತು. ಚಿತ್ರಕಾರ ಆ ಗುಡ್ಡೆಗೆ ಎರಡು ಕಣ್ಣು ಬರೆದಿದ್ದರೂ ಅಷ್ಟೇ, ಇನ್ನೊಂದು ಮುದ್ದು ಪ್ರಾಣಿಯಾಗುತ್ತಿತ್ತು. ತನಿ ಆವರ್ತನದಲ್ಲಿ ಮೃದಂಗ, ಘಟ ಒಂದಕ್ಕೊಂದು ಜಾಗ ಬಿಡುವ ಹಾಗೆ ಇಲ್ಲಿ ಪದ, ಬಣ್ಣ ಜಾಗ ಬಿಟ್ಟುಕೊಡುತ್ತವೆ. ಹಾಗಾಗಿ ಮಕ್ಕಳದ್ದೋ ಕಲಾವಿದರದ್ದೋ ಅನ್ನೋ ಪ್ರಶ್ನೆಯೇ ನನಗೆ ಸರಿ ಕಾಣೋದಿಲ್ಲ. ಮಕ್ಕಳಿಗೆ ಅಂತ ಇವರು ತಮ್ಮ ಕಲೆಯನ್ನು ತೆಳು ಮಾಡಲಿಲ್ಲ.

ಓದೋದು ಹೇಗೆ ಅಂದರೆ, ಅವಸರ ಮಾಡಬೇಡಿ. ಮೌನದ ಪುಟದಲ್ಲಿ ನಿಜಕ್ಕೂ ಸುಮ್ನೆ ಕೂತುಕೊಳ್ಳಿ. ದನಿ ಗುಡ್ಡೆಯ ಜೊತೆಗೇ ಏರಲಿ. ಒಡೆಯುವ ಪುಟವನ್ನು ಫಕ್ಕನೆ ತಿರುಗಿಸಿ. ‘ಇದೇನು ಪುಟ್ಟಾ? ಇದು ಯಾವ ಬಣ್ಣ?’ ಅಂತ ಪರೀಕ್ಷೆ ಮಾತ್ರ ಮಾಡಬೇಡಿ, ದಮ್ಮಯ್ಯ. ಜಪಾನಿ ಅಕ್ಷರ ಬರದಿದ್ದರೂ ಚಿಂತೆಯಿಲ್ಲ. ನಮ್ಮತ್ತೆ ಊರಿಂದ ಬಂದಿದ್ದಾಗ ಮೊಮ್ಮಗಳನ್ನು ತೊಡೆ ಮೇಲೆ ಕೂರಿಸಿಕೊಂಡು ‘ಗುಳುಂ’, ‘ಕಚಪಚ ಕಚಪಚ’, ‘ಢಮಾರ್’ ಅಂತ ತಮಗೆ ತೋಚಿದ ಹಾಗೆ ಓದಿದರು. ಅವಳು ನನ್ನ ಓದಿಗಿಂತ ಅದಕ್ಕೇ ಹೆಚ್ಚು ನಕ್ಕಳು. ಒಂದು ಎಚ್ಚರಿಕೆ: ಕೊನೆಯ ಪುಟ ಮತ್ತೆ ಮೊದಲಿಗೇ ತಂದು ಬಿಡುತ್ತದೆ. ಮಲಗುವ ಹೊತ್ತಿಗೆ ಇದನ್ನು ಕೈಗೆತ್ತಿಕೊಂಡರೆ ಬಿಡುಗಡೆ ಇಲ್ಲ.

ಮಗನಿಗೆ ಹಿಡಿಸಿದರೆ ಮುಂದಕ್ಕೆ ಮೊತೊನಾಗ ಒಬ್ಬರೇ ಮಾಡಿದ ‘ಕೊರೊ ಕೊರೊ ಕೊರೊ’ ತರಿಸಿ. ಬಣ್ಣಬಣ್ಣದ ಪುಟ್ಟ ಉಂಡೆಗಳು ಮೆಟ್ಟಿಲು, ಏರು, ಇಳಿಜಾರು, ಬಿರುಗಾಳಿ ಎಲ್ಲಾ ದಾಟಿ ಉರುಳುತ್ತಾ ಹೋಗುತ್ತವೆ. ಪ್ರಕಟಿಸಿದ್ದು ಫುಕುಇನ್‌ಕಾನ್. ಈ ಪ್ರಕಾಶನದ ಒಂದು ಪದ್ಧತಿ ಚೆನ್ನಾಗಿದೆ. 1956ರಿಂದ ‘ಕೊದೊಮೊ ನೊ ತೊಮೊ’ ಅಂತ ತಿಂಗಳಿಗೊಂದು ತೆಳು ಚಿತ್ರಪುಸ್ತಕ ತರುತ್ತಾರೆ. ಅದರಲ್ಲಿ ಗೆದ್ದವು ಆಮೇಲೆ ಗಟ್ಟಿ ರಟ್ಟಿನಲ್ಲಿ ಮರುಹುಟ್ಟು ಪಡೆಯುತ್ತವೆ. ಚಿಕ್ಕ ಮಕ್ಕಳಿಗೆ ಅಂತ ಬರುವ ಇಂಥದೇ ತಿಂಗಳ ಮಾಲೆಯಲ್ಲಿ ಮೊದಲು ಬಂದ ‘ಕೊರೊ ಕೊರೊ ಕೊರೊ’ಗೆ ಆ ಭಾಗ್ಯ 1984ರಲ್ಲಿ ಸಿಕ್ಕಿತು.

ಇನ್ನೂ ಹುಚ್ಚು ಬೇಕಾದರೆ ‘ಮೊಕೆರ ಮೊಕೆರ’ ಇದೆ. ಚಿತ್ರ ಮೊತೊನಾಗ, ಪುಟಗಳ ಜೋಡಣೆ ಅವರ ಹೆಂಡತಿ, ಸ್ವತಃ ಕಲಾವಿದೆಯಾದ ಎತ್ಸುಕೊ ನಕತ್ಸುಜಿ. ಪದಗಳು ಜಾಝ್ ಪಿಯಾನೋ ವಾದಕ ಯೋಸುಕೆ ಯಮಾಶಿತ ಅವರದ್ದು. ಉರಿಯುವ ಪಿಯಾನೋ ಮುಂದೆ ಕೂತು ನುಡಿಸಿದ ಮಹಾಶಯ ಇವರೇ. ಅದರಲ್ಲಿ ತಿನ್ನೋದು, ಒಡೆಯೋದು ಅನ್ನುವಷ್ಟು ಕಥೆಯ ಎಳೆಯೂ ಇಲ್ಲ, ಬರೀ ಲಯ. ನನ್ನ ಪ್ರಕಾರ ಅದನ್ನು ಮೂರು ವರ್ಷ ತುಂಬಿದ ಮೇಲೆ ಕೊಡಿ. ಅಷ್ಟು ಹೊತ್ತಿಗೆ ಮಗು ತಾನೇ ಸದ್ದು ಕಟ್ಟಿ ನಿಮಗೆ ತಿರುಗಿಸಿ ಹೇಳುತ್ತದೆ. ಎರಡು ವರ್ಷಕ್ಕೆ ಉಂಡೆಗಳ ಪುಸ್ತಕವೇ ಸಾಕು.