ಕೆಲಸ ಹೋಯಿತು, ಈಗ ರಾಜೀನಾಮೆ ಬರೆದುಕೊಡಬೇಕಾ?

ಪ್ರಶ್ನೆ: ನಾನು ಕಾರವಾರ ತಾಲ್ಲೂಕಿನ ಮಾಜಾಳಿಯವನು. ಗೋವಾದ ವೆರ್ಣಾದಲ್ಲಿ ಒಂದು ಕಾರ್ಖಾನೆಯಲ್ಲಿ ಗುತ್ತಿಗೆದಾರರ ಮೂಲಕ ಮೂರೂವರೆ ವರ್ಷ ದುಡಿದೆ. ಆರ್ಡರ್ ಇಲ್ಲ, ಜುಲೈನಿಂದ ಬರಬೇಡ ಎಂದುಬಿಟ್ಟರು. ರಾಜೀನಾಮೆ ಬರೆದುಕೊಟ್ಟರೆ ಮಾತ್ರ ಬಾಕಿ ಸಂಬಳ ಚುಕ್ತಾ ಮಾಡುತ್ತಾರಂತೆ. ಸಂಬಳದಲ್ಲಿ ಇಎಸ್‌ಐ (ಕಾರ್ಮಿಕರ ವಿಮೆ) ಕಡಿತ ಆಗುತ್ತಿತ್ತು. ಊರಲ್ಲಿ ಎಲ್ಲರೂ ರಾಜ್ಯ ಸರ್ಕಾರದ ನಿರುದ್ಯೋಗ ಭತ್ಯೆ ಯುವನಿಧಿಗೆ ಹಾಕು ಎನ್ನುತ್ತಾರೆ. ನನ್ನ ಡಿಪ್ಲೊಮಾ 2019ರಲ್ಲೇ ಮುಗಿದಿದೆ. ಬಿ.ಕಾಂ ಮಾಡಿದ ತಂಗಿಗೆ ಯುವನಿಧಿ ಬರುತ್ತಿತ್ತು, ಈಗ ನಿಂತಿದೆ. ಏನು ಮಾಡಲಿ?

ಉತ್ತರ: ರಾಜೀನಾಮೆ ಮಾತ್ರ ಬರೆದುಕೊಡಬೇಡಿ. ಉಳಿದದ್ದೆಲ್ಲ ಆಮೇಲೆ.

ಇಎಸ್‌ಐನಲ್ಲಿ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆ ಅಂತ ಒಂದಿದೆ. 2018ರಲ್ಲಿ ಶುರುವಾಯಿತು. ಕೆಲಸ ಕಳೆದುಕೊಂಡವರಿಗೆ ಸರಾಸರಿ ದಿನಗೂಲಿಯ ಅರ್ಧದಷ್ಟನ್ನು 90 ದಿನದವರೆಗೆ ಕೊಡುತ್ತಾರೆ. ಜೀವಮಾನದಲ್ಲಿ ಒಟ್ಟು 90 ದಿನ, ಅಷ್ಟೇ. ನಿಮ್ಮದು ದಿನಕ್ಕೆ 540 ರೂಪಾಯಿ ಎಂದುಕೊಳ್ಳಿ, 270ರಂತೆ 24,300 ಆಗುತ್ತದೆ. ಆ ಅವಧಿಯಲ್ಲಿ ಇಎಸ್‌ಐ ಚಿಕಿತ್ಸೆಯೂ ಸಿಗುತ್ತದೆ. ಆದರೆ ತಾನಾಗಿ ಕೆಲಸ ಬಿಟ್ಟವರಿಗೆ ಇದು ಇಲ್ಲ. ‘ಸ್ವಂತ ಕಾರಣಕ್ಕೆ ಬಿಡುತ್ತಿದ್ದೇನೆ’ ಎಂದು ಬರೆದುಕೊಟ್ಟರೆ ನಿಮ್ಮ ಕೈಯಾರೆ ಬಾಗಿಲು ಹಾಕಿದ ಹಾಗೆ. ದುಡಿದ ದಿನಗಳ ಸಂಬಳ ನಿಮ್ಮ ಹಕ್ಕು, ಅದಕ್ಕೂ ರಾಜೀನಾಮೆಗೂ ಸಂಬಂಧವಿಲ್ಲ. ಅದೂ ಅಲ್ಲದೆ, ಕೆಲಸ ಇಲ್ಲವೆಂದು ತೆಗೆದರೆ ವರ್ಷಕ್ಕೆ 15 ದಿನದ ಸಂಬಳದಂತೆ ಪರಿಹಾರ ಕೊಡಬೇಕೆಂದು ಕಾನೂನೇ ಹೇಳುತ್ತದೆ. ಅವರು ರಾಜೀನಾಮೆಗೆ ಇಷ್ಟು ಅವಸರ ಮಾಡುವುದು ಯಾಕೆ ಅಂತ ಈಗ ಗೊತ್ತಾಯಿತಲ್ವಾ?

ಬರಬೇಡ ಎಂದ ಮೆಸೇಜ್ ಫೋನಿನಲ್ಲಿದ್ದರೆ ಅಳಿಸಬೇಡಿ. ಹಾಜರಿ ಕಾರ್ಡು, ಸಂಬಳದ ಚೀಟಿ ಎಲ್ಲ ಒಂದು ಕಡೆ ಇಡಿ. ಮಾಲೀಕರು ಇಎಸ್‌ಐಗೆ ತಿಂಗಳ ವಂತಿಗೆ ತುಂಬುವಾಗ ಕೆಲಸದಲ್ಲಿ ಇಲ್ಲದವರ ಹೆಸರಿನ ಮುಂದೆ ಕಾರಣವನ್ನೂ ನಮೂದಿಸುತ್ತಾರೆ. ನಿಮ್ಮ ಹೆಸರಿನ ಮುಂದೆ ಏನು ಬರೆದಿದ್ದಾರೆ ಅಂತ ಇಎಸ್‌ಐ ಶಾಖಾ ಕಚೇರಿಯಲ್ಲಿ ಕೇಳಿ.

ಈ ಇಎಸ್‌ಐ ಯೋಜನೆಗೆ ಕನಿಷ್ಠ ಎರಡು ವರ್ಷದ ವಿಮೆ ಬೇಕು, ನಿಮಗಿದೆ. ಇಎಸ್‌ಐ ಲೆಕ್ಕ ಏಪ್ರಿಲ್‌ನಿಂದ ಸೆಪ್ಟೆಂಬರ್, ಅಕ್ಟೋಬರ್‌ನಿಂದ ಮಾರ್ಚ್ ಎಂದು ಆರಾರು ತಿಂಗಳು. ಕೆಲಸ ಹೋಗುವ ಹಿಂದಿನ ಅವಧಿಯಲ್ಲಿ 78 ದಿನ, ಅದಕ್ಕೂ ಹಿಂದಿನ ಮೂರರಲ್ಲಿ ಯಾವುದಾದರೂ ಒಂದರಲ್ಲಿ 78 ದಿನ ವಂತಿಗೆ ಬಿದ್ದಿರಬೇಕು. ಕೆಲಸ ಹೋಗಿ 30 ದಿನ ಆದಮೇಲೆ ಅರ್ಜಿ ಹಾಕಬಹುದು. ಇಎಸ್‌ಐ ಜಾಲತಾಣದಲ್ಲಿ ನಿಮ್ಮ ವಿಮಾ ನಂಬರಿನಿಂದಲೇ ಆಗುತ್ತದೆ, ಮಾಲೀಕರ ಸಹಿಗೆ ಕಾಯಬೇಕಿಲ್ಲ. ಇದು ಕೇಂದ್ರದ ಸಂಸ್ಥೆ. ದುಡಿದದ್ದು ಗೋವಾದಲ್ಲಿ, ಮನೆ ಚೆಕ್‌ಪೋಸ್ಟಿನ ಈಚೆ ಎಂಬುದು ಅಡ್ಡಿಯಲ್ಲ. ಯೋಜನೆಯ ಅವಧಿಯನ್ನು ಸರ್ಕಾರ ಆಗಾಗ ವಿಸ್ತರಿಸುತ್ತಾ ಬಂದಿದೆ, ಆದ್ದರಿಂದ ಹಾಕುವ ಮೊದಲು ಈಗಿನ ಆದೇಶ ಕೇಳಿಕೊಳ್ಳಿ.

ಯುವನಿಧಿ ನಿಮಗಲ್ಲ. ಅದು 2023ರಿಂದ ಈಚೆಗೆ ಪಾಸಾಗಿ ಆರು ತಿಂಗಳು ಕೆಲಸ ಸಿಗದವರಿಗೆ. ತಿಂಗಳಿಗೆ ಪದವೀಧರರಿಗೆ 3,000, ಡಿಪ್ಲೊಮಾದವರಿಗೆ 1,500, ಹೆಚ್ಚೆಂದರೆ ಎರಡು ವರ್ಷ. ಸೈಬರ್‌ನವರು ಹಾಕಿಕೊಡುತ್ತೇವೆ ಎಂದರೆ ಸುಮ್ನೆ ದುಡ್ಡು ಕೊಡಬೇಡಿ.

ತಂಗಿಯದ್ದು ನಿಂತದ್ದಕ್ಕೆ ಮೊದಲ ಅನುಮಾನ ಸ್ವಯಂ ಘೋಷಣೆಯ ಮೇಲೆ. ‘ಇನ್ನೂ ಕೆಲಸ ಸಿಕ್ಕಿಲ್ಲ, ಓದು ಮುಂದುವರಿಸಿಲ್ಲ’ ಎಂದು ರಾಜ್ಯ ಸರ್ಕಾರದ ಸೇವಾ ಸಿಂಧು ಜಾಲತಾಣದಲ್ಲಿ ಆಗಾಗ ಹೇಳುತ್ತಿರಬೇಕು. ಶುರುವಿನಲ್ಲಿ ಪ್ರತಿ ತಿಂಗಳು 25ರೊಳಗೆ ಅಂತಿತ್ತು. ಈಗಿನ ಗಡುವನ್ನು ಅವರ ಲಾಗಿನ್‌ನಲ್ಲೇ ನೋಡಲಿ. ಆಧಾರ್‌ಗೆ ಕೊಟ್ಟ ಸಿಮ್ ಬದಲಾಗಿದ್ದರೆ ಓಟಿಪಿ ಬರುವುದಿಲ್ಲ, ಮೊದಲು ನಂಬರ್ ಸರಿಮಾಡಿಸಲಿ. ಎರಡನೆಯದು ಬ್ಯಾಂಕ್. ಆಧಾರ್ ಕೊನೆಗೆ ಯಾವ ಬ್ಯಾಂಕಿಗೆ ಜೋಡಣೆಯಾಗಿದೆಯೋ ಹಣ ಅಲ್ಲಿಗೇ ಹೋಗುತ್ತದೆ. ಹಳೇ ಪಾಸ್‌ಬುಕ್ ಹಿಡಿದು ಕಾಯುವವರನ್ನು ನಾನು ಬಹಳ ನೋಡಿದ್ದೇನೆ, ಹಣ ಇನ್ನೊಂದು ಖಾತೆಯಲ್ಲಿ ಬಿದ್ದಿರುತ್ತದೆ. ಇನ್ನು ತಂಗಿ ಎಂ.ಕಾಂ ಸೇರಿದ್ದರೆ ಅಥವಾ ಎಲ್ಲಾದರೂ ಕೆಲಸಕ್ಕೆ ಹೋಗುತ್ತಿದ್ದರೆ ನಿಂತದ್ದು ಸರಿಯೇ. ಸುಳ್ಳು ಘೋಷಣೆ ಕೊಟ್ಟರೆ ಪಡೆದದ್ದನ್ನು ವಾಪಸ್ ಕಟ್ಟಬೇಕಾಗುತ್ತದೆ.