ಸಾಹಿತ್ಯ ಉತ್ಸವದಲ್ಲಿ ಸಂಪಾದಕರು, ಏಜೆಂಟರು ಸಿಕ್ಕರೆ ನನ್ನ ಮೊದಲ ಕಾದಂಬರಿ ಬಗ್ಗೆ ಎರಡು ನಿಮಿಷದಲ್ಲಿ ಏನು ಹೇಳಬೇಕು? ಪ್ರಿಂಟ್ ತೆಗೆದುಕೊಂಡು ಹೋಗಬಹುದಾ?

ಬೇಡ, ಪ್ರಿಂಟ್ ತೆಗೆದುಕೊಂಡು ಹೋಗಬೇಡಿ. ನಾನು ಹೋಗಿದ್ದೆ. ಸ್ಪೈರಲ್ ಬೈಂಡಿಂಗ್ ಮಾಡಿಸಿದ ದಪ್ಪ ಹಸ್ತಪ್ರತಿ ಬ್ಯಾಗಿನಲ್ಲಿತ್ತು. ಕಥೆಯ ಸಾರಾಂಶ ಬಾಯಿಪಾಠ ಆಗಿತ್ತು.

ಬೆಂಗಳೂರಿನಲ್ಲೇ ಒಂದು ಕಾರ್ಯಕ್ರಮ. ಗೋಷ್ಠಿ ಮುಗಿದು ಕಾಫಿಗೆ ಬಿಟ್ಟಿದ್ದರು. ಕನ್ನಡದಲ್ಲಿ ನಾನು ಇಷ್ಟಪಟ್ಟು ಓದಿದ ಎಷ್ಟೋ ಪುಸ್ತಕಗಳನ್ನು ತಿದ್ದಿದ ಸಂಪಾದಕಿ ಒಂದು ಕೈಯಲ್ಲಿ ಕಾಫಿ, ಇನ್ನೊಂದರಲ್ಲಿ ನಿಪ್ಪಟ್ಟು ಹಿಡಿದು ಕಿಟಕಿ ಪಕ್ಕ ನಿಂತಿದ್ದರು. ನಾನು ಹಸ್ತಪ್ರತಿ ಚಾಚಿದೆ. ತೆಗೆದುಕೊಳ್ಳಲು ಅವರಿಗೆ ಕೈ ಖಾಲಿ ಇರಲಿಲ್ಲ. ಆದರೂ ಲೋಟವನ್ನು ಕಿಟಕಿ ಕಟ್ಟೆ ಮೇಲಿಟ್ಟು, ಕರವಸ್ತ್ರದಲ್ಲಿ ಬೆರಳು ಒರೆಸಿಕೊಂಡು, ನಿಂತಲ್ಲೇ ಮೊದಲ ಎರಡು ಪುಟ ನಿಜವಾಗಿಯೂ ಓದಿದರು.

"ಸಂಭಾಷಣೆ ಚೆನ್ನಾಗಿ ಬರೀತೀರಿ. ಕಾದಂಬರಿ ಈಗ ಬೇಡ. ಹತ್ತು ಪುಟದೊಳಗೆ ಒಂದು ಕಥೆ ಇದ್ರೆ ಈ ತಿಂಗಳೊಳಗೆ ಮೇಲ್ ಮಾಡಿ, ನೋಡೋಣ" ಅಂದರು.

ನನ್ನ ಕಿವಿಗೆ ಬಿದ್ದಿದ್ದು "ಬೇಡ" ಅನ್ನುವುದೊಂದೇ. "ಮೇಡಂ, ಸಣ್ಣಕಥೆ ನನ್ನ ಸಾಹಿತ್ಯ ಪ್ರಕಾರ ಅಲ್ಲ, ಪೂರ್ತಿ ಓದಿದರೆ ನಿಮಗೇ ಗೊತ್ತಾಗುತ್ತೆ" ಅಂತ ವಾದಕ್ಕೆ ನಿಂತೆ. ಅಷ್ಟಕ್ಕೇ ಬಿಡಲಿಲ್ಲ. ಆ ರಾತ್ರಿ ಇಡೀ ಕಾದಂಬರಿ ಮೇಲ್ ಮಾಡಿ, "ಇದರಲ್ಲಿ ಯಾವ ಅಧ್ಯಾಯವನ್ನಾದರೂ ಕಥೆಯಾಗಿ ತೆಗೆದುಕೊಳ್ಳಬಹುದು" ಅಂತ ಬರೆದೆ. ಉತ್ತರ ಬರಲಿಲ್ಲ. ಆಮೇಲೆ ಹೊಸಬರ ಕಥೆಗಳದ್ದೇ ಒಂದು ಸಂಕಲನ ಬಂತು, ಸಂಪಾದಕರ ಜಾಗದಲ್ಲಿ ಅವರದೇ ಹೆಸರು. ಅವರು ಕಥೆ ಕೇಳಿದ್ದು ಅದಕ್ಕಾಗಿ.

ಕಾಫಿ ಕುಡಿಯುವವರಿಗೆ ಅಡ್ಡ ಹೋಗಿದ್ದು ತಪ್ಪೇ, ಆದರೆ ನನಗೆ ಏಟು ಬಿದ್ದಿದ್ದು ಅದರಿಂದಲ್ಲ. ಅದನ್ನು ಅವರು ಆಗಲೇ ಮನ್ನಿಸಿ ಓದಿದ್ದರಲ್ಲ. ಕೇಳಿದ್ದನ್ನು ಕೊಡದೆ ನನಗೆ ಬೇಕಾದ್ದನ್ನು ಕೊಟ್ಟೆ, ಏಟು ಬಿದ್ದಿದ್ದು ಅಲ್ಲಿ. ಇದನ್ನು ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದರೆ ಹೊಸಬರು ಇಲ್ಲೇ ಜಾಸ್ತಿ ಎಡವುತ್ತಾರೆ. ಮುನ್ನೂರು ಪುಟದ ಕಾದಂಬರಿ ಓದಲು ಸಂಪಾದಕರಿಗೆ ವಾರಗಟ್ಟಲೆ ಬೇಕು. ಹತ್ತು ಪುಟ ಒಂದು ಸಂಜೆಯ ಕೆಲಸ. ಆ ಹತ್ತು ಪುಟದಲ್ಲಿ ನಿಮಗೆ ಕಥೆ ಮುಗಿಸಲು ಬರುತ್ತಾ, ತಿದ್ದಿ ಅಂದರೆ ತಿದ್ದುತ್ತೀರಾ, ಹೇಳಿದ ದಿನಕ್ಕೆ ಕಳಿಸುತ್ತೀರಾ, ಎಲ್ಲ ಗೊತ್ತಾಗುತ್ತದೆ. ಕಾದಂಬರಿಯ ಬಾಗಿಲು ಮುಚ್ಚದೆ ಚಿಕ್ಕ ಬಾಗಿಲೊಂದನ್ನು ತೆರೆದಿದ್ದರು. ಯಾವ ಭಾಗ ಬೇಕೋ ನೀವೇ ಆರಿಸಿಕೊಳ್ಳಿ ಅಂತ ನನ್ನ ಕೆಲಸವನ್ನು ಅವರ ತಲೆಗೆ ಕಟ್ಟಿದೆ. ಕಥೆ ಇರಲಿಲ್ಲ ಅಂತಲೂ ಅಲ್ಲ. ಬರೆದಿಟ್ಟ ಕಥೆಗಳು ನನ್ನ ಕಂಪ್ಯೂಟರಿನಲ್ಲೇ ಇದ್ದವು.

ಆದ್ದರಿಂದ "ಎರಡು ನಿಮಿಷದಲ್ಲಿ ಏನು ಹೇಳಬೇಕು" ಅನ್ನುವ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಒಂದು ವಾಕ್ಯ ಸಾಕು: ಯಾವ ಊರಿನ, ಯಾರ ಕಥೆ, ಎಷ್ಟು ಪುಟ, ಮುಗಿದಿದೆಯಾ. ಆಮೇಲೆ ಬಾಯಿ ಮುಚ್ಚಿ ಕೇಳಿಸಿಕೊಳ್ಳಿ. ಅವರು ಹೇಳಿದ್ದನ್ನು ಪಕ್ಕಕ್ಕೆ ಹೋಗಿ ಹಾಗೆಯೇ ಬರೆದುಕೊಳ್ಳಿ.

ಏಜೆಂಟರ, ಅಂದರೆ ಲೇಖಕರ ಪರವಾಗಿ ಪ್ರಕಾಶಕರ ಜೊತೆ ಮಾತಾಡುವವರ ವಿಷಯ. ನೀವು ಬರೆದಿರುವುದು ಕನ್ನಡದಲ್ಲಾದರೆ ಆ ಚಿಂತೆ ಬಿಡಿ. ಇಲ್ಲಿ ಲೇಖಕರೇ ಪ್ರಕಾಶಕರ ಜೊತೆ ನೇರ ಮಾತಾಡುತ್ತಾರೆ. 2012ರಲ್ಲಿ ಶುರುವಾದ ಬೆಂಗಳೂರು ಸಾಹಿತ್ಯ ಉತ್ಸವದಂಥ ಕಡೆ ಇಂಗ್ಲಿಷ್ ಪ್ರಕಾಶನದವರೂ ಸಿಗುತ್ತಾರೆ, ಪ್ರವೇಶ ಉಚಿತ. ಇಂಗ್ಲಿಷ್ ಏಜೆಂಟರು ಪುಸ್ತಕ ಮಾರಾಟವಾದ ಮೇಲೆ ಲೇಖಕರಿಗೆ ಬರುವ ಹಣದಲ್ಲಿ ಸಾಮಾನ್ಯವಾಗಿ ಶೇ 15ರ ಆಸುಪಾಸು ತೆಗೆದುಕೊಳ್ಳುತ್ತಾರೆ. ಓದುವುದಕ್ಕೇ ಮುಂಗಡ ಫೀಸು ಕೇಳಿದರೆ ನಮಸ್ಕಾರ ಹೇಳಿ ಬಂದುಬಿಡಿ.

ಕನ್ನಡ ಪ್ರಕಾಶಕರನ್ನು ಮಳಿಗೆಯಲ್ಲಿ ಮಾತಾಡಿಸುವುದಾದರೆ ಜನ ಕಮ್ಮಿ ಇರುವ ಹೊತ್ತು ನೋಡಿ. ಎಷ್ಟೋ ಸಲ ಬಿಲ್ ಬರೆಯುವವರೂ ಅವರೇ, ಚಿಲ್ಲರೆ ಹುಡುಕುವವರೂ ಅವರೇ. ಅವರ ಒಂದು ಪುಸ್ತಕ ಕೊಂಡು ಓದಿರಿ, ಅದರ ಬಗ್ಗೆ ಮಾತಾಡಿ. ಇದು ಬೆಣ್ಣೆ ಹಚ್ಚುವ ಉಪಾಯ ಅಂತ ಕೆಲವರು ಅಂದುಕೊಳ್ಳುತ್ತಾರೆ, ನನಗೆ ಹಾಗೆ ಅನ್ನಿಸುವುದಿಲ್ಲ. ಅವರು ಎಂಥ ಪುಸ್ತಕ ಮಾಡುತ್ತಾರೆ ಅಂತ ತಿಳಿಯದೆ ನಿಮ್ಮದನ್ನು ಮಾಡಿ ಅಂತ ಕೇಳುವುದು ಹೇಗೆ? ಒಮ್ಮೆ ಪರಿಚಯವಾದ ಮೇಲೆ ಭಾನುವಾರ ಬೆಳಗಿನ ಪುಸ್ತಕ ಬಿಡುಗಡೆಗಳಿಗೂ ಹೋಗುತ್ತಿರಿ. ಉತ್ಸವದ ಗದ್ದಲಕ್ಕಿಂತ ಅಲ್ಲಿ ಮಾತಿಗೆ ಪುರುಸೊತ್ತು ಇರುತ್ತದೆ.

ಇನ್ನೂ ಒಂದು ಮಾತು. ಕೈಕುಲುಕಿ ಬಂದರೆ ಪುಸ್ತಕ ಆಗುತ್ತದೆ ಅನ್ನುವ ನಂಬಿಕೆ ನನಗಿಲ್ಲ. ಪ್ರಜಾವಾಣಿಯ ದೀಪಾವಳಿ ಕಥಾಸ್ಪರ್ಧೆ ಇದೆ. ಮೊದಲ ಕಥಾಸಂಕಲನದ ಹಸ್ತಪ್ರತಿಗೆ ಛಂದ ಪುಸ್ತಕ ಪ್ರಕಾಶನದ ಬಹುಮಾನ ಇದೆ. ಚೊಚ್ಚಲ ಕೃತಿಗೆ ಕನ್ನಡ ಪುಸ್ತಕ ಪ್ರಾಧಿಕಾರದ ಪ್ರೋತ್ಸಾಹಧನ ಇದೆ. ಅಲ್ಲಿ ಯಾರ ಪರಿಚಯವೂ ಬೇಕಿಲ್ಲ.

ಮೇಲ್ ಕಳಿಸುವಾಗ ಯೂನಿಕೋಡ್‌ನಲ್ಲಿ ಕಳಿಸಿ, ಜೊತೆಗೆ ಪಿಡಿಎಫ್ ಇಡಿ. ಹಳೆಯ ನುಡಿ ಫಾಂಟಿನಲ್ಲಿ ಬರೆದು ಪರಿವರ್ತಿಸಿದ್ದರೆ ಅರ್ಕಾವತ್ತು, ಒತ್ತಕ್ಷರ ಕೆಟ್ಟಿರಬಹುದು, ಒಮ್ಮೆ ಪೂರ್ತಿ ಓದಿ ನೋಡಿ. ಮೊದಲ ಪುಟದಲ್ಲಿ ಹೆಸರು, ಫೋನ್ ನಂಬರ್ ಇರಲಿ. ಎಲ್ಲಿ, ಯಾವ ಗೋಷ್ಠಿ ಆದಮೇಲೆ ಸಿಕ್ಕಿದ್ದಿರಿ, ಅವರು ಏನು ಕಳಿಸಲು ಹೇಳಿದ್ದರು ಅಂತ ಎರಡು ಸಾಲು ಬರೆಯಿರಿ. ಅದೇ ಬರಹವನ್ನು ಬೇರೆಯವರಿಗೂ ಕಳಿಸಿದ್ದರೆ ಮುಚ್ಚಿಡದೆ ಹೇಳಿ. ಎರಡು ಮೂರು ತಿಂಗಳು ಕಾಯಿರಿ, ಆಮೇಲೆ ಒಂದೇ ಒಂದು ನೆನಪಿನ ಮೇಲ್. ಫೋನ್ ಮಾಡಬೇಡಿ. ಅವರ ನಂಬರ್ ನಿಮ್ಮ ಹತ್ತಿರ ಇದ್ದರೂ ಮಾಡಬೇಡಿ.