ಕ್ವಿನೈನ್ ರೀಡಿಂಗ್ ಬಿದ್ದಿದೆ ಅಂತ ಮೆಷೀನನ್ನು ಬೈಯಬೇಡಿ

ಫ್ಲೋರಿಮೀಟರಿನಲ್ಲಿ (ಬೆಳಕು ಹೀರಿದ ದ್ರಾವಣ ವಾಪಸ್ ಸೂಸುವ ಬೆಳಕನ್ನು ಅಳೆಯುವ ಮೆಷೀನ್) ಕ್ವಿನೈನ್ ರೀಡಿಂಗ್ ತಿಂಗಳಿಂದ ತಿಂಗಳಿಗೆ ಇಳಿಯುತ್ತಿದೆ, ಮೆಷೀನ್ ಚೆಕ್ ಮಾಡಲು ದುಬಾರಿ ಸರ್ಟಿಫೈಡ್ ಸ್ಟ್ಯಾಂಡರ್ಡ್ ತರಿಸಬೇಕಾ, ನಾವೇ ಮಾಡಿಕೊಂಡದ್ದು ಸಾಕಾ ಅಂತ ಕೇಳಿದ್ದೀರಿ. ಓದುತ್ತಿದ್ದ ಹಾಗೇ ಪೀಣ್ಯದ ನನ್ನ ಹಳೇ ಲ್ಯಾಬ್ ಕಣ್ಣ ಮುಂದೆ ಬಂತು.

ಕೆಲಸಕ್ಕೆ ಸೇರಿ ಆರು ತಿಂಗಳೂ ಆಗಿರಲಿಲ್ಲ. ಪ್ರತಿ ಸೋಮವಾರ ಕ್ವಿನೈನ್ ಸಲ್ಫೇಟ್ ದ್ರಾವಣ ಇಟ್ಟು ಮೆಷೀನ್ ಚೆಕ್ ಮಾಡುವುದು ನನ್ನ ಪಾಲಿನ ಕೆಲಸ. 350 ನ್ಯಾನೋಮೀಟರಿನ ಬೆಳಕು ಕೊಟ್ಟರೆ 450ರ ಹತ್ತಿರ ನೀಲಿ ಬರಬೇಕು. ಒಂದು ಸೋಮವಾರ ಸಲ್ಫ್ಯೂರಿಕ್ ಆಸಿಡ್ ಖಾಲಿ. ಇಂಡೆಂಟ್ ಹಾಕಿ ವಾರ ಕಳೆದರೂ ಬಂದಿರಲಿಲ್ಲ. ಕಪಾಟಿನಲ್ಲಿ ಹೈಡ್ರೋಕ್ಲೋರಿಕ್ ಇತ್ತು. ಆಸಿಡ್ ಆದರೆ ಸಾಕು ತಾನೇ ಅಂದುಕೊಂಡು 0.1 ಮೋಲಾರ್ ಮಾಡಿ ಅದರಲ್ಲೇ ಕರಗಿಸಿದೆ.

ರೀಡಿಂಗ್ ನೆಲ ಕಚ್ಚಿತು.

ಇಲ್ಲಿ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಬೈಕೋಬೇಡಿ. ನಾನೇನು ಸುಮ್ನೆ ಕೂತಿರಲಿಲ್ಲ. ಪಿಎಚ್ ನೋಡಿದೆ, ಒಂದರ ಆಸುಪಾಸು, ಕ್ವಿನೈನಿಗೆ ಧಾರಾಳ ಸಾಕು. ಯುವಿ ಮೆಷೀನಿನಲ್ಲಿ ಅಬ್ಸಾರ್ಬೆನ್ಸ್, ಅಂದರೆ ದ್ರಾವಣ ಎಷ್ಟು ಬೆಳಕು ಹೀರುತ್ತದೆ ಅಂತ ನೋಡಿದೆ, ಹಿಂದಿನ ವಾರದಷ್ಟೇ. ತೂಕ ತಪ್ಪಿಲ್ಲ ಅಂತಾಯಿತು. ಮೋಸ ಇದ್ದದ್ದೇ ಇಲ್ಲಿ. ಹೈಡ್ರೋಕ್ಲೋರಿಕ್ಕಿನಲ್ಲಿರುವ ಕ್ಲೋರೈಡ್ ಕ್ವಿನೈನಿಗೆ ಬೆಳಕು ಹೀರಲು ಅಡ್ಡ ಬರುವುದಿಲ್ಲ, ವಾಪಸ್ ಕೊಡಲು ಅಡ್ಡ ಬರುತ್ತದೆ. ಬೆಳಕು ಹೀರಿದ ಕ್ವಿನೈನ್ ಅಣು ಆ ಶಕ್ತಿಯನ್ನು ಸುಮಾರು 20 ನ್ಯಾನೋಸೆಕೆಂಡ್ ಇಟ್ಟುಕೊಂಡಿರುತ್ತದೆ. ಫ್ಲೋರೆಸಿನ್ ಅನ್ನುವ ಹೊಳೆಯುವ ಬಣ್ಣ ಆದರೆ ಬರೀ 4. ಅಷ್ಟರೊಳಗೆ ಕ್ಲೋರೈಡ್ ಬಂದು ಡಿಕ್ಕಿ ಹೊಡೆದರೆ ಶಕ್ತಿ ಬೆಳಕಾಗದೆ ಬಿಸಿಯಾಗಿ ಹೋಗುತ್ತದೆ. ಅಬ್ಸಾರ್ಬೆನ್ಸ್ ಮಾತ್ರ ಎಲ್ಲಾ ಸರಿ ಇದೆ ಅನ್ನುತ್ತಲೇ ಇರುತ್ತದೆ.

ಇದೆಲ್ಲ ಆಗ ನನಗೆ ಗೊತ್ತಿರಲಿಲ್ಲ. ಮೆಷೀನಿನ ಲ್ಯಾಂಪ್ ಎಷ್ಟು ಉರಿದಿದೆ ಅಂತ ತೋರಿಸುವ ಮೀಟರ್ 900 ಗಂಟೆ ದಾಟಿತ್ತು. ನನಗೆ ಕಳ್ಳ ಸಿಕ್ಕಿಬಿಟ್ಟ. ಬಾಸ್ ಹತ್ತಿರ ಹೋದೆ.

"ಸಾರ್, ಲ್ಯಾಂಪ್ ಹೋಗಿದೆ."

"ಸರಿಯಾಗಿ ನೋಡಿದ್ದೀಯೇನಪ್ಪಾ?"

"ಹೂಂ ಸಾರ್."

ಒಂದೇ ವಾರದಲ್ಲಿ ಯಾವ ಕ್ಸೆನಾನ್ ಲ್ಯಾಂಪೂ ಇಷ್ಟು ಕೆಳಗೆ ಬೀಳುವುದಿಲ್ಲ ಅನ್ನುವುದು ಆಗ ಹೊಳೆಯಲಿಲ್ಲ. ಹೊಸದು ಬಂತು. ಅದರ ಬೆಲೆ ನನ್ನ ಮೂರು ತಿಂಗಳ ಸಂಬಳಕ್ಕಿಂತ ಹೆಚ್ಚು. ಹಾಕಿಸಿದೆವು, ರೀಡಿಂಗ್ ಅಲ್ಲೇ ಇತ್ತು.

ಸರ್ವಿಸ್ ಎಂಜಿನಿಯರ್ ನನ್ನ ದ್ರಾವಣ ಮುಟ್ಟಲೇ ಇಲ್ಲ. ಹಳೇ ಲ್ಯಾಂಪನ್ನು ಮತ್ತೆ ಕೂರಿಸಿ, ಕ್ಯುವೆಟ್ಟಿಗೆ (ದ್ರಾವಣ ಇಡುವ ಪುಟ್ಟ ಪಾತ್ರೆ) ಶುದ್ಧ ನೀರು ತುಂಬಿ, 350 ಕೊಟ್ಟು ಸ್ಕ್ಯಾನ್ ಮಾಡಿದರು. 397ರಲ್ಲಿ ನೀರಿನ ರಾಮನ್ ಪೀಕ್ (ನೀರು ತಾನೇ ಚದುರಿಸುವ ಬೆಳಕು, ಸಿ.ವಿ. ರಾಮನ್ ಕಂಡುಹಿಡಿದದ್ದು; ಬಾಟಲಿಯ ಹಾಗೆ ಕೆಡುವ ಮಾತಿಲ್ಲ, ಹಾಗಾಗಿ ಮೆಷೀನನ್ನಷ್ಟೇ ತೋರಿಸುತ್ತದೆ), ಮೆಷೀನ್ ಬಂದ ದಿನದ ರಿಪೋರ್ಟಿಗಿಂತ ಒಂಚೂರು ಗಿಡ್ಡ, ಅಷ್ಟೇ. "ಇದು ಇನ್ನೂ ಓಡ್ತಿತ್ತಲ್ಲ ಸಾರ್" ಅಂದರು. ಮೇಖ್ರಿ ಸರ್ಕಲ್ ಹತ್ತಿರದ ರಾಮನ್ ಸಂಸ್ಥೆಯ ಮುಂದೆ ದಿನಾ ಬಸ್ಸಿನಲ್ಲಿ ಓಡಾಡುತ್ತಿದ್ದವನು ನಾನು. ನಾಚಿಕೆ ಆಯಿತು.

ಅದಕ್ಕೇ ನಿಮ್ಮ ಪ್ರಶ್ನೆಯೇ ನನಗೆ ಒಪ್ಪಿಗೆ ಇಲ್ಲ. ಕೊಂಡದ್ದಾ ಮಾಡಿದ್ದಾ ಅನ್ನುವುದು ಆಮೇಲಿನ ಮಾತು. ಇಳಿಯುತ್ತಿರುವುದು ಮೆಷೀನಾ, ನಿಮ್ಮ ಬಾಟಲಿಯಾ? ನೀರಿನ ಪೀಕೂ ಜೊತೆಗೇ ಇಳಿದಿದ್ದರೆ ಲ್ಯಾಂಪ್, ಕನ್ನಡಿ, ಡಿಟೆಕ್ಟರ್ ಕಡೆ ನೋಡಿ. ನೀರು ನಿಂತಲ್ಲೇ ನಿಂತು ಕ್ವಿನೈನ್ ಮಾತ್ರ ಇಳಿದಿದ್ದರೆ ಬಾಟಲಿ ಚೆಲ್ಲಿ. ಡಿಟೆಕ್ಟರಿನ ವೋಲ್ಟೇಜ್ ಏರಿಸಿ ಹಳೇ ನಂಬರಿಗೆ ತರುವ ಆಸೆ ಬರುತ್ತದೆ, ದಯವಿಟ್ಟು ಬೇಡ.

ಕ್ವಿನೈನ್ ನೀವೇ ಮಾಡಿಕೊಳ್ಳಿ, ಧೈರ್ಯವಾಗಿ. 0.5 ಮೋಲಾರ್ ಸಲ್ಫ್ಯೂರಿಕ್ ಅಥವಾ 0.1 ಮೋಲಾರ್ ಪರ್‌ಕ್ಲೋರಿಕ್, ಕಂದು ಬಾಟಲಿ, 25 ಡಿಗ್ರಿ, ಅಬ್ಸಾರ್ಬೆನ್ಸ್ 0.05 ದಾಟದ ಹಾಗೆ. ಫ್ಲಾಸ್ಕನ್ನು ಹೈಡ್ರೋಕ್ಲೋರಿಕ್ಕಿನಲ್ಲಿ ತೊಳೆಯುವ ಅಭ್ಯಾಸ ಇದ್ದರೆ ಕ್ವಿನೈನಿಗೇ ಒಂದು ಫ್ಲಾಸ್ಕ್ ಬೇರೆ ಇಡಿ. ಆಡಿಟ್‌ನವರು ಕಾಗದ ಕೇಳಿದರೆ ಅಮೆರಿಕದ ಅಳತೆ-ಮಾನಕ ಸಂಸ್ಥೆ ನಿಸ್ಟ್‌ನ 936 ಸರಣಿಯ ಕ್ವಿನೈನ್ ಇದೆ. ಅವರದೇ 2940, 2941ರಂಥ ಗಾಜಿನ ತುಂಡುಗಳು ಇಡೀ ಸ್ಪೆಕ್ಟ್ರಮ್ಮಿನ ಆಕಾರ ತಿದ್ದಲು. ಒಂದೇ ತರಂಗಾಂತರದಲ್ಲಿ ಅಳೆಯುವವರಿಗೆ ಅದು ಸುಮ್ನೆ ದುಡ್ಡು ದಂಡ.

ಇವತ್ತೇ ನೀರಿನ ಸ್ಕ್ಯಾನ್ ಮಾಡಿ, ಸ್ಲಿಟ್ (ಬೆಳಕು ಬಿಡುವ ಸೀಳಿನ ಅಗಲ) ಮತ್ತು ಡಿಟೆಕ್ಟರ್ ವೋಲ್ಟೇಜ್ ಸಮೇತ ಇಲ್ಲಿ ಹಾಕಿ. ಅಂದ ಹಾಗೆ, ನಿಮ್ಮದು ಯಾವ ಆಸಿಡ್ ಅಂತ ಹೇಳಲೇ ಇಲ್ಲವಲ್ಲ?